ಹಡಗಿನ ಪಕ್ಕೆಯ ಮೇಲಿನ ಗೆರೆ

ಸರಕು ಹಡಗಿನ ಚಿತ್ರ ಕಂಡಾಗಲೆಲ್ಲ ನನ್ನ ಕಣ್ಣು ಮೊದಲು ಹುಡುಕುವುದು ಅದರ ಪಕ್ಕೆಯ ಮೇಲಿನ ಒಂದು ಗುರುತನ್ನು: ಒಂದು ವೃತ್ತ, ಅದರ ನಡುವೆ ಹಾದ ಅಡ್ಡಗೆರೆ. ಹಡಗು ಇಷ್ಟರವರೆಗೆ ಮಾತ್ರ ನೀರಿಗಿಳಿಯಬಹುದು, ಇದಕ್ಕಿಂತ ಹೆಚ್ಚು ಸರಕು ಹೇರಬಾರದು ಎಂಬ ಮಿತಿ ಅದು. ಪಕ್ಕದಲ್ಲೇ ಉಷ್ಣವಲಯದ ನೀರಿಗೊಂದು, ಚಳಿಗಾಲದ ಕಡಲಿಗೊಂದು, ಸಿಹಿನೀರಿಗೊಂದು ಬೇರೆ ಬೇರೆ ಗೆರೆಗಳಿರುತ್ತವೆ.

ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನಲ್ಲಿ ಹಳೆಯ ಹಡಗುಗಳಿಗೆ ಮಿತಿಮೀರಿ ಹೇರಿ, ಭಾರಿ ವಿಮೆ ಮಾಡಿಸಿ ಕಡಲಿಗಟ್ಟುವ ಮಾಲೀಕರಿದ್ದರು. ಮುಳುಗಿದರೆ ಹಣ ಅವರಿಗೆ, ಸಾವು ನಾವಿಕರಿಗೆ. ಸಂಸದ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ವರ್ಷಗಟ್ಟಲೆ ಹೋರಾಡಿದ ಮೇಲೆ 1876ರಲ್ಲಿ ಗೆರೆ ಕಡ್ಡಾಯವಾಯಿತು. ಆದರೆ ಅದು ಎಲ್ಲಿರಬೇಕೆಂಬ ನಿರ್ಧಾರ ಮಾಲೀಕರ ಕೈಯಲ್ಲೇ ಉಳಿಯಿತು! ಗೆರೆಯ ಜಾಗವನ್ನು ಕಾನೂನು ಗೊತ್ತುಮಾಡಿದ್ದು 1890ರಲ್ಲಿ. ನಡುವಿನ ಆ ವರ್ಷಗಳನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಪ್ರಮಾಣದ ಲೆಕ್ಕದಲ್ಲಿ ಜಗತ್ತಿನ ಸರಕು ವ್ಯಾಪಾರದ ಶೇ. 80ಕ್ಕೂ ಹೆಚ್ಚು ಭಾಗ ಸಾಗುವುದು ಸಮುದ್ರದ ಮೇಲೆ. 2021ರ ಮಾರ್ಚ್‌ನಲ್ಲಿ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಗೆ ಅಡ್ಡ ಸಿಲುಕಿದಾಗ ಎಲ್ಲರೂ ಸರಕಿನ ವಿಳಂಬದ ಬಗ್ಗೆ ಮಾತನಾಡಿದರು. ಅದರ ಹಿಂದಿನ ವರ್ಷ, ಕೋವಿಡ್ ಕಾಲದಲ್ಲಿ, ಒಪ್ಪಂದದ ಅವಧಿ ಮುಗಿದರೂ ಇಳಿಯಲಾಗದೆ ಲಕ್ಷಾಂತರ ನಾವಿಕರು ಹಡಗುಗಳಲ್ಲೇ ಉಳಿದಿದ್ದರು. ಅವರ ಬಗ್ಗೆ ಅಷ್ಟು ಮಾತು ನನಗೆ ಕೇಳಿಸಲಿಲ್ಲ.

ಸರಕಿಗೆ ಮಿತಿಯಿರುವಂತೆ ನಾವಿಕರ ದುಡಿಮೆಗೂ ಮಿತಿ ಬೇಕು: ನಿದ್ದೆಗೆಟ್ಟವನ ಕೈಯಲ್ಲಿರುವ ಹಡಗು, ಅತಿಯಾಗಿ ಹೇರಿದ ಹಡಗಿನಷ್ಟೇ ಅಪಾಯಕಾರಿ. ವಿಶ್ರಾಂತಿಯ ಗಂಟೆಗಳನ್ನು ದಾಖಲೆಯಲ್ಲಿ ಮಾತ್ರ ತೋರಿಸುವ ಹಡಗುಗಳನ್ನು ಬಂದರಿನ ತಪಾಸಣಾಧಿಕಾರಿಗಳು ಮುಲಾಜಿಲ್ಲದೆ ತಡೆದು ನಿಲ್ಲಿಸಬೇಕು.