ನಂಬರ ಎಷ್ಟಪಾ?

ಕಳೆದ ಭಾನುವಾರದಿಂದ ಈ ಒಂದು ಮಾತು ಕಿವಿಯಿಂದ ಹೋಗುತ್ತಿಲ್ಲ. ಇವತ್ತು ಶನಿವಾರ. ರೊಟ್ಟಿ ಬಡಿಯುವಾಗಲೂ ಅದೇ, ಬಸ್ಸಿನಲ್ಲಿ ನಿಂತಾಗಲೂ ಅದೇ.

ಎರಡನೇ ಹಾಡು ಶುರುವಾಗಬೇಕಿತ್ತು. ಕೀಬೋರ್ಡಿನ ಹುಡುಗ ಶ್ರುತಿ ಹಿಡಿದಿದ್ದ. ನನ್ನ ಮುಂದಿನ ಬೆಂಚಿನ ಅಜ್ಜಿ ಎದ್ದು ನಿಂತು, ಇಡೀ ಚರ್ಚಿಗೆ ಕೇಳುವ ಹಾಗೆ ಕೂಗಿದರು. "ನಂಬರ ಎಷ್ಟಪಾ?"

ಮೈಕ್ ಹಿಡಿದಿದ್ದ ಹುಡುಗ ನಕ್ಕ. "ನಂಬರ್ ಇಲ್ರೀ ಅಜ್ಜಿ. ಸ್ಕ್ರೀನ್ ನೋಡ್ರಿ."

ಅಷ್ಟೇ. ಹಾಡು ಶುರುವಾಯಿತು. ಅಜ್ಜಿ ಸ್ಕ್ರೀನ್ ಕಡೆ ನೋಡಿದರು. ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನೋಡಿದರು. ಆಮೇಲೆ ಕೈಯಲ್ಲಿದ್ದ ಹಾಡಿನ ಪುಸ್ತಕ ಮುಚ್ಚಿ ಕೂತುಬಿಟ್ಟರು. ನಾವೆಲ್ಲ ನಿಂತು ಹಾಡುತ್ತಿದ್ದೆವು. ಅವರೊಬ್ಬರೇ ಕೂತಿದ್ದರು.

ಹುಡುಗ ಹೇಳಿದ್ದು ಸುಳ್ಳಲ್ಲ. ಅದು ಹೊಸ ಹಾಡು, ಪುಸ್ತಕದಲ್ಲಿ ಇಲ್ಲ. ಆದರೆ ಮೂರನೆಯದು ಪುಸ್ತಕದ್ದೇ ಹಾಡು. ಪುಸ್ತಕದ ಪ್ರತಿ ಹಾಡಿಗೂ ಒಂದು ನಂಬರು ಇರುತ್ತದೆ, ಅದಕ್ಕೂ ಇದೆ. ಸ್ಕ್ರೀನಿನ ಮೇಲೆ ನಂಬರು ಹಾಕುವ ರೂಢಿ ನಮ್ಮಲ್ಲಿ ಇಲ್ಲ, ಅಷ್ಟೇ. ತಾಳ ಬೇರೆ ಬದಲಾಯಿಸಿದ್ದರು. ಅಜ್ಜಿಗೆ ಗುರುತು ಹತ್ತುವಷ್ಟರಲ್ಲಿ ಎರಡು ಚರಣ ಮುಗಿದಿದ್ದವು. ಮೂರನೇ ಹಾಡಿಗೆ ಅವರು ನಂಬರು ಕೇಳಲೇ ಇಲ್ಲ. ಒಂದು ಸಲ ಕೇಳಿ, ಇಲ್ಲ ಅನಿಸಿಕೊಂಡ ಮೇಲೆ ಸುಮ್ಮನಾಗಿಬಿಟ್ಟರು. ನನಗೆ ಜಾಸ್ತಿ ನೋವಾಗಿದ್ದು ಅಲ್ಲೇ.

ಆಮೇಲೆ ಕರ್ತನ ಪ್ರಾರ್ಥನೆ, ಯೇಸು ಕಲಿಸಿದ ಪ್ರಾರ್ಥನೆ, ಬಂತು. ಲ್ಯಾಪ್‌ಟಾಪ್ ಹತ್ತಿರ ಕೂತವನು ಸ್ಲೈಡ್ ಹಾಕುವುದನ್ನು ಮರೆತಿದ್ದ. ಸ್ಕ್ರೀನ್ ಬೆಳ್ಳಗೆ ಖಾಲಿ ಇತ್ತು. ಯಾರಿಗೂ ಅದು ಬೇಕಾಗಿರಲಿಲ್ಲ. "ಪರಲೋಕದಲ್ಲಿರುವ ನಮ್ಮ ತಂದೆಯೇ" ಅಂತ ಎಲ್ಲರೂ ಶುರು ಮಾಡಿದರು. ಆಗ ಅಜ್ಜಿಯ ದನಿ ಬಂತು ನೋಡಿ! ಎಲ್ಲರಿಗಿಂತ ಅರ್ಧ ಮಾತು ಮುಂದೆ, ಎಲ್ಲರಿಗಿಂತ ಗಟ್ಟಿ. ಅಲ್ಲಿಯವರೆಗೆ ಮುದುರಿ ಕೂತಿದ್ದ ಅದೇ ಹೆಂಗಸು ಈಗ ಬೆನ್ನು ನೆಟ್ಟಗೆ ಮಾಡಿ ನಿಂತಿದ್ದರು. "ನಮ್ಮ ಅನುದಿನದ ಆಹಾರವನ್ನು" ಅನ್ನುವಲ್ಲಿ ಅವರ ಬಲಗೈ ಸ್ವಲ್ಪ ಮುಂದೆ ಬಂತು. ತಾಟು ಹಿಡಿದ ಹಾಗೆ. ಇಪ್ಪತ್ತು ವರ್ಷದಿಂದ ಅವರ ಹಿಂದಿನ ಬೆಂಚಿನಲ್ಲೇ ಕೂರುತ್ತಿದ್ದೇನೆ. ಆ ಕೈಯನ್ನು ನಾನು ನೋಡಿದ್ದು ಅವತ್ತೇ ಮೊದಲು.

ಸ್ಕ್ರೀನ್ ಬೇಕು ಅಂತ ಸಭೆಯಲ್ಲಿ ಕೈ ಎತ್ತಿದವರಲ್ಲಿ ನಾನೂ ಒಬ್ಬಳು. ಪುಸ್ತಕಗಳು ಹರಿದಿದ್ದವು, ಅಚ್ಚು ಸಣ್ಣದು, ಹೊಸಬರು ಬಂದರೆ ಕೊಡಲು ಸಾಲುತ್ತಿರಲಿಲ್ಲ. ಆ ಕಾರಣಗಳು ಇವತ್ತಿಗೂ ಸರಿಯೇ. ಮೈಕ್ ಹಿಡಿದ ಹುಡುಗನೂ ಒಳ್ಳೆಯವನು. ಹುಬ್ಬಳ್ಳಿಯಲ್ಲಿ ಕೆಲಸ, ಆರು ದಿನ ದುಡಿದು ಶನಿವಾರ ಸಂಜೆ ನೇರ ಚರ್ಚಿಗೇ ಬರುತ್ತಾನೆ. ಚಹಾ ಕೂಡ ಕುಡಿಯದೆ ಎರಡು ತಾಸು ಪ್ರ್ಯಾಕ್ಟೀಸ್ ಮಾಡಿಸುತ್ತಾನೆ. ಅವನು 'ಅಜ್ಜಿ' ಅಂದಿದ್ದರಲ್ಲಿ ಪ್ರೀತಿಯೇ ಇತ್ತು. ಅವನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬಂದಿದ್ದು ನಮ್ಮ ಕಮಿಟಿಯ ಒಬ್ಬ ಹಿರಿಯರ ಮೇಲೆ. ಆರಾಧನೆ ಮುಗಿದ ಮೇಲೆ ನಾನು ಈ ಮಾತು ತೆಗೆದಾಗ ಅವರು, "ಅಷ್ಟು ರೊಕ್ಕ ಹಾಕಿ ಸ್ಕ್ರೀನ್ ತಂದೀವಿ, ಇನ್ನೂ ನಂಬರ್ ಯಾಕ ಬೇಕವಾ?" ಅಂದರು. ಅಜ್ಜಿ ಎರಡು ಹೆಜ್ಜೆ ಆಚೆ ಚಪ್ಪಲಿ ಹುಡುಕುತ್ತಿದ್ದರು.

ಮಂಗಳವಾರ ಸಂಜೆ ಅಜ್ಜಿಯ ಮನೆಗೆ ಹೋದೆ. ಇಷ್ಟು ವರ್ಷದಲ್ಲಿ ಹೋಗಿದ್ದು ಎರಡೋ ಮೂರೋ ಸಲ. ಅದೂ ಕ್ರಿಸ್ಮಸ್ ಕ್ಯಾರೋಲ್ ಗುಂಪಿನ ಜೊತೆ.

"ಬಾರವಾ, ಕುಂದ್ರು" ಅಂದರು. ಅವಲಕ್ಕಿ ಕೊಟ್ಟರು. ಪುಸ್ತಕ ಟಿವಿ ಪಕ್ಕದಲ್ಲೇ ಇತ್ತು, ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಕೈಗೆ ತಗೊಂಡೆ. ಬೆನ್ನಿಗೆ ಹಳೆಯ ಸೀರೆಯ ಅಂಚು ಹಚ್ಚಿ ಹೊಲಿದಿದ್ದಾರೆ. ಒಳಗೆ ಒಂದು ಬಸ್ ಟಿಕೆಟ್, ಯಾವುದೋ ಕಾಲದ ಗರಿಗಳ ಭಾನುವಾರದ (ಈಸ್ಟರ್‌ಗೆ ಹಿಂದಿನ ಭಾನುವಾರ) ಒಣಗಿದ ತೆಂಗಿನ ಗರಿಯ ಚೂರು, ಗಂಡನ ಪಾಸ್‌ಪೋರ್ಟ್ ಸೈಜಿನ ಫೋಟೋ. ಪುಟಗಳ ಮೇಲಿನ ಮೂಲೆ, ನಂಬರು ಇರುವ ಜಾಗ, ಬೆರಳು ತಾಗಿ ತಾಗಿ ಕಂದಾಗಿದೆ. ಕೆಳಗಿನ ಅರ್ಧ ಅಷ್ಟು ಮಾಸಿಲ್ಲ.

"ಅಜ್ಜಿ, ಕಣ್ಣಿಗೆ ಆಪರೇಷನ್ ಮಾಡಿಸಿದರೆ ಸ್ಕ್ರೀನ್ ಕಾಣಬಹುದಲ್ವಾ?" ಅಂದೆ.

"ಕಂಡ್ರೂ ಏನ ಮಾಡ್ಲಿ? ನನಗ ಅಕ್ಷರ ಬರಾಂಗಿಲ್ಲ."

ನನಗೆ ಅರ್ಥವಾಗಲಿಲ್ಲ. ಇಪ್ಪತ್ತು ವರ್ಷ ಇವರು ಪುಸ್ತಕ ತೆಗೆದು, ಸಾಲಿನ ಮೇಲೆ ಬೆರಳಿಟ್ಟು ಹಾಡುವುದನ್ನು ನೋಡಿದ್ದೇನೆ. ಚರಣ ಮುಗಿದಾಗ ಬೆರಳು ಕೆಳಗೆ ಇಳಿಯುತ್ತಿತ್ತು. ಪುಟ ಸರಿಯಾಗಿ ತಿರುವುತ್ತಿದ್ದರು.

"ಅಂಕಿ ಬರ್ತಾವ" ಅಂದರು. "ಸಂತ್ಯಾಗ ಕಾಯಿಪಲ್ಯ ಮಾರೀನಿ. ಅಂಕಿ ಬರಲಿಲ್ಲಂದ್ರ ಹೊಟ್ಟಿ ತುಂಬತಿತ್ತೇನ?"

ಮದುವೆಯಾಗಿ ಬಂದಾಗ ಮನೆಯಲ್ಲಿ ದಿನಾ ಸಂಜೆ ಪ್ರಾರ್ಥನೆ. ಮಾವ ನಂಬರು ಹೇಳುತ್ತಿದ್ದರು, ಗಂಡ ಹಾಡು ಎತ್ತುತ್ತಿದ್ದ, ಇವರು ಒಲೆ ಮುಂದೆ ಕೂತು ಕೇಳುತ್ತ ಕೇಳುತ್ತ ಕಲಿತರು. ಹಾಡೂ ನಂಬರೂ ಒಟ್ಟಿಗೇ ಕಿವಿಗೆ ಬಿದ್ದವು, ಒಟ್ಟಿಗೇ ಉಳಿದವು. ನಂಬರು ಕೇಳಿದರೆ ಸಾಕು, ಹಾಡು ತಾನೇ ಬಾಯಿಗೆ ಬರುತ್ತದೆ. ಪುಸ್ತಕ ಯಾಕೆ ಹಿಡಿಯುತ್ತೀರಿ ಅಂದರೆ, "ಅವರ ಪುಸ್ತಕ ಅದು. ಅವರೂ ಹಾಡಲಿ ಅಂತ" ಅಂದರು.

ನಾನು ಸುಮ್ನೆ ಒಂದು ನಂಬರು ಹೇಳಿದೆ.

"ಅದು ಬ್ಯಾಡ. ಅದು ಮಣ್ಣಿಗೆ ಹೋಗೂ ಹಾಡು."

ಇನ್ನೊಂದು ಹೇಳಿದೆ.

"ಅದು ನಿಮ್ಮವ್ವನ ಮದುವ್ಯಾಗ ಹಾಡಿದ್ದು. ಮಳಿ ಬಂದಿತ್ತು ಅವತ್ತು."

ಮತ್ತೊಂದು ಹೇಳಿದ ಕೂಡಲೇ ಹಾಡಿಯೇಬಿಟ್ಟರು. ನಾಲ್ಕು ಚರಣ. ದನಿ ನಡುಗುತ್ತಿತ್ತು, ಮೇಲಿನ ಸ್ವರ ಮುಟ್ಟಲಿಲ್ಲ. ಪಕ್ಕದ ಮನೆಯ ಕುಕ್ಕರ್ ಸೀಟಿ ಹೊಡೆಯಿತು. ಮೊಮ್ಮಗ ಬಾಗಿಲಲ್ಲಿ ಬಂದು ನಿಂತ. ನನ್ನ ಕಣ್ಣಲ್ಲಿ ನೀರು ಬಂತು. ಈ ಒಂದು ವರ್ಷದಲ್ಲಿ ಚರ್ಚಿನಲ್ಲಿ ನನಗೆ ಹಾಗೆ ಆಗಿರಲಿಲ್ಲ.

ಯಾಕೆ ಆಗಿರಲಿಲ್ಲ? ಆ ರಾತ್ರಿ ದೀಪ ಆರಿಸಿ ಮಲಗಿದಾಗ ಯೋಚನೆ ಬಂತು. ನನಗೆ ಕತ್ತಲಲ್ಲಿ ಎಷ್ಟು ಹಾಡು ಬರುತ್ತವೆ? ಎಣಿಸುತ್ತ ಹೋದೆ. ಕೊನೆಯವರೆಗೂ ಬಂದಿದ್ದು ಏಳು. ಎಲ್ಲವೂ ಚಿಕ್ಕವಳಿದ್ದಾಗ ಕಲಿತದ್ದು. ಸ್ಕ್ರೀನ್ ಬಂದ ಮೇಲೆ ನಾವು ಹಾಡಿದ ಹಾಡುಗಳಲ್ಲಿ ಒಂದೂ ಎರಡನೇ ಚರಣ ದಾಟಲಿಲ್ಲ. ಅವು ಕೆಟ್ಟ ಹಾಡುಗಳಲ್ಲ. ಎಷ್ಟೋ ಹಾಡು ಬೈಬಲಿನ ಕೀರ್ತನೆಗಳ ಮಾತನ್ನೇ ಎತ್ತಿಕೊಂಡು ಕಟ್ಟಿದವು. ನನ್ನ ಮಗಳು ಅವನ್ನು ಹಾಡುವಾಗ ಕಣ್ಣು ಮುಚ್ಚುತ್ತಾಳೆ. ಅವಳ ಭಕ್ತಿ ನಿಜವಾದದ್ದು ಅಂತ ನನಗೆ ಗೊತ್ತು. ಆದರೆ ನಾನು ಹಾಡನ್ನು ನೋಡುತ್ತೇನೆ, ಒಳಗೆ ಇಳಿಸಿಕೊಳ್ಳುವುದಿಲ್ಲ. ಮುಂದಿನ ವಾರ ಹೇಗೂ ಸ್ಕ್ರೀನಿನ ಮೇಲೆ ಬರುತ್ತದಲ್ಲ ಅನ್ನುವ ಧೈರ್ಯ.

ಬೈಬಲಿನಲ್ಲಿ ಮತ್ತಾಯನು ಬರೆದ ಒಂದು ಸಾಲು ಇದೆ. ಕೊನೆಯ ರಾತ್ರಿ ಊಟ ಮುಗಿಸಿ, ಕೀರ್ತನೆ ಹಾಡಿ, ಯೇಸು ಮತ್ತು ಶಿಷ್ಯರು ಎಣ್ಣೆಮರಗಳ ಗುಡ್ಡಕ್ಕೆ ಹೊರಟರು. ಎಷ್ಟೋ ಸಲ ಓದಿದ್ದೇನೆ, ಆ ಹಾಡಿನ ಬಳಿ ನಿಂತಿರಲಿಲ್ಲ. ಅದು ಪಸ್ಕ ಹಬ್ಬದ ಊಟ. ಆ ಊಟಕ್ಕೆ ಯೆಹೂದ್ಯರು ಹಾಡುತ್ತಿದ್ದದ್ದು 113ರಿಂದ 118ರವರೆಗಿನ ಕೀರ್ತನೆಗಳನ್ನು. ಅವರ ಕೈಯಲ್ಲಿ ಪುಸ್ತಕ ಎಲ್ಲಿತ್ತು? ಮೀನು ಹಿಡಿಯುವವರು, ಸುಂಕದವನು, ಎಲ್ಲರಿಗೂ ಬಾಯಿಪಾಠ. ಇನ್ನು ಕೆಲವು ತಾಸಿನಲ್ಲಿ ಏನು ಕಾದಿದೆ ಅಂತ ಯೇಸುವಿಗೆ ಗೊತ್ತಿತ್ತು. ಆದರೂ ಆತ ಹಾಡಿದ. ಮುಂದೆ ಯೇಸುವಿನ ಸಂದೇಶ ಸಾರುತ್ತ ತಿರುಗಿದ ಪೌಲ, ಸೀಲರೂ ಹಾಗೆಯೇ. ಫಿಲಿಪ್ಪಿಯ ಸೆರೆಮನೆ, ನಡುರಾತ್ರಿ, ಬೆನ್ನ ಮೇಲೆ ಏಟಿನ ಗಾಯ, ಕಾಲಿಗೆ ಕೋಳ. ಅವರು ಹಾಡಿದರು, ಉಳಿದ ಕೈದಿಗಳು ಕೇಳುತ್ತಿದ್ದರು. ಆ ಕತ್ತಲಲ್ಲಿ ಒಳಗೆ ಇದ್ದದ್ದು ಮಾತ್ರ ಹೊರಗೆ ಬರಲು ಸಾಧ್ಯ ಅಲ್ವಾ?

ಜನರ ಬಾಯಿಗೆ ಹಾಡು ಕೊಡಲು ಹಿಂದಿನವರು ಎಷ್ಟು ಕಷ್ಟಪಟ್ಟಿದ್ದಾರೆ! 1524ರಲ್ಲಿ ಜರ್ಮನಿಯಲ್ಲಿ ಎಂಟೇ ಎಂಟು ಹಾಡಿನ ಒಂದು ಪುಟ್ಟ ಪುಸ್ತಕ ಅಚ್ಚಾಯಿತು. ಅದರಲ್ಲಿ ನಾಲ್ಕು, ಚರ್ಚಿನ ಸುಧಾರಣೆಗೆ ನಿಂತ ಮಾರ್ಟಿನ್ ಲೂಥರ್ ಬರೆದವು. ಲ್ಯಾಟಿನ್ ಬಾರದ ಜನ ತಮ್ಮ ಮಾತಿನಲ್ಲಿ ತಾವೇ ಹಾಡಲಿ ಅಂತ ಅವರ ಆಸೆ. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೂ ಬಂತು. ಜರ್ಮನ್ ಹಾಡುಗಳ ರಾಗಕ್ಕೆ ಕನ್ನಡದ ಮಾತು ಕೂಡಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. 1853ರಲ್ಲಿ ಬಂದ ಕಿಟ್ಟೆಲ್ ಅವರನ್ನು ನಾವು ನಿಘಂಟಿನಿಂದ ನೆನೆಯುತ್ತೇವೆ. ಆದರೆ 1894ರ ಆ ನಿಘಂಟಿಗೆ ಎಷ್ಟೋ ಮೊದಲೇ ಅವರು ಯೇಸುವಿನ ಕಥೆಯನ್ನು ನಮ್ಮ ಕನ್ನಡದ ಛಂದಸ್ಸಿನಲ್ಲಿ ಪದ್ಯವಾಗಿ ಬರೆದಿದ್ದರು. ಕನ್ನಡದವರ ಕಿವಿಗೆ ಕನ್ನಡದ ಲಯ ಬೇಕು ಅಂತ ಅವರಿಗೆ ಗೊತ್ತಾಗಿತ್ತು. ಇಷ್ಟೆಲ್ಲ ಆಗಿ ಹಾಡು ಅಜ್ಜಿಯ ಒಲೆಯ ಮುಂದಿನವರೆಗೂ ಬಂತು. ಅಕ್ಷರ ಇಲ್ಲದವರ ಬಾಯಲ್ಲೂ ಕೂತಿತು. ಅದನ್ನು ನಾವು ಒಂದು ಭಾನುವಾರ ನಗುನಗುತ್ತಾ "ಇಲ್ರೀ ಅಜ್ಜಿ" ಅಂದುಬಿಟ್ಟೆವು.

ಮನ ತುಂಬುವ ಆರಾಧನೆ ಅಂದರೆ ಒಳ್ಳೆಯ ಸೌಂಡು, ಒಳ್ಳೆಯ ಬೋಧನೆ, ಕೈಚಪ್ಪಾಳೆ ಅಂತ ನಾನೂ ಅಂದುಕೊಂಡಿದ್ದೆ. "ಇನ್ನೂ ಜೋರಾಗಿ" ಅಂತ ಮೈಕಿನಲ್ಲಿ ಹೇಳಿದರೆ ನಾವು ಜೋರಾಗಿ ಹಾಡುತ್ತೇವೆ. ಆದರೆ ಹಾಡುವವರು ಮುಂದೆ ನಿಂತಿರುವ ಐದು ಜನ ಅಲ್ಲ. ಸಭೆಯೇ ಹಾಡುವವರು. ನಾಲ್ಕನೇ ಬೆಂಚಿನಲ್ಲಿ ಒಬ್ಬರ ಬಾಯಿ ಮುಚ್ಚಿಹೋದರೆ ಆ ಹಾಡು ಪೂರ್ತಿ ಆಗಲಿಲ್ಲ ಅಂತಲೇ ನನ್ನ ಲೆಕ್ಕ.

ಅಕ್ಷರದ ವಿಷಯ ಬರೆಯಲಾ ಅಂತ ಅಜ್ಜಿಯನ್ನೇ ಕೇಳಿದೆ. "ಬರಿ. ಹೆಸರ ಬ್ಯಾಡ. ಯಾರರ ಕೇಳಿದ್ರ ನಾನ ಹೇಳತಿದ್ದೆ, ಯಾರೂ ಕೇಳಲಿಲ್ಲ" ಅಂದರು.

ಇವತ್ತು ಸಂಜೆ ಪ್ರ್ಯಾಕ್ಟೀಸ್ ನಡೆಯುವಾಗ ಚರ್ಚಿಗೆ ಹೋದೆ. ಹುಡುಗನಿಗೆ ಎಲ್ಲ ಹೇಳಿದೆ. ಅವನು ಸ್ವಲ್ಪ ಹೊತ್ತು ಮೈಕಿನ ವೈರು ಸುತ್ತುತ್ತ ನಿಂತ. "ಓದಾಕ ಬರಾಂಗಿಲ್ಲೇನ್ರೀ ಅಕ್ಕಾ? ನನಗ ಗೊತ್ತ ಇರ್ಲಿಲ್ಲ" ಅಂದ. ಆಮೇಲೆ ತಾನೇ ವೆಸ್ಟ್ರಿಗೆ, ಅಂದರೆ ಚರ್ಚಿನ ಒಳಕೋಣೆಗೆ, ಹೋಗಿ, ಕುರ್ಚಿ ಹತ್ತಿ, ಕಪಾಟಿನ ಮೇಲಿಂದ ಹಳೆಯ ಕಟ್ಟಿಗೆ ಹಲಗೆ ಇಳಿಸಿದ. ಹಾಡಿನ ನಂಬರು ಸಿಕ್ಕಿಸುವ ಹಲಗೆ. ಚಿಕ್ಕವಳಿದ್ದಾಗ ಗಂಟೆ ಹೊಡೆಯುವ ತಾತನ ಜೊತೆ ನಾನೂ ಅದಕ್ಕೆ ಅಂಕಿ ಸಿಕ್ಕಿಸಿದ್ದೇನೆ. ಸ್ಕ್ರೀನ್ ಬಂದ ದಿನ ಗೋಡೆಯಿಂದ ಇಳಿಸಿದ್ದರು. ನಾಲ್ಕನೇ ಬೆಂಚಿನ ಪಕ್ಕದ ಕಂಬಕ್ಕೆ ಅದನ್ನು ತೂಗುಹಾಕಿದೆವು. ಎರಡು ಮಾರು ದೂರ. ಅಷ್ಟು ದೂರದಲ್ಲಿ ಅಂಕಿ ಅಜ್ಜಿಗೆ ಕಾಣುತ್ತದೆ.

ಅಂಕಿಗಳು ಒಂದು ಬಿಸ್ಕೆಟ್ ಡಬ್ಬಿಯಲ್ಲಿದ್ದವು, ಮನೆಗೆ ತಂದು ಒರೆಸಿದೆ. ಏಳು ಒಂದೇ ಇದೆ. ನಾಳೆ ಮೊದಲನೇ ಹಾಡು 77. ಮಗಳು ಚಪ್ಪಲಿ ಡಬ್ಬಿಯ ರಟ್ಟು ಕತ್ತರಿಸಿ, ಕಪ್ಪು ಮಾರ್ಕರಿನಲ್ಲಿ ಇನ್ನೊಂದು ಏಳು ಬರೆಯುತ್ತಿದ್ದಾಳೆ.