ಬಿಸಿಲಲ್ಲಿ ಬಂದ ಹೊಳೆ

ನಾನು ಶಿವಮೊಗ್ಗದ ಕಡೆಯವನು. ನಮ್ಮಲ್ಲಿ ಹೊಳೆ ತುಂಬಬೇಕು ಅಂದ್ರೆ ಮೊದಲು ನಾಲ್ಕು ದಿನ ಬಿಡದೆ ಮಳೆ ಹೊಡೆಯಬೇಕು. ಹಂಚು ಸೋರಬೇಕು, ಹಗ್ಗದ ಮೇಲಿನ ಬಟ್ಟೆ ಒಣಗದೆ ವಾಸನೆ ಬರಬೇಕು. ಆಮೇಲೆ ಹೊಳೆ. ಜುಲೈ ಕೊನೆಯ ವಾರ ಗೆಳೆಯನ ಬೈಕ್ ಹತ್ತಿ ಬೆಳಗಾವಿ ಬಿಟ್ಟಾಗ ಜಿಟಿಜಿಟಿ ಮಳೆ ಇತ್ತು. ಸಂಕೇಶ್ವರದಲ್ಲಿ ಹಿರಣ್ಯಕೇಶಿ ದಾಟುವಾಗ ನಿಂತಿತು. ಚಿಕ್ಕೋಡಿ ಬರುವಷ್ಟರಲ್ಲಿ ಬಿಸಿಲು. ರಸ್ತೆಯಲ್ಲಿ ಧೂಳು ಬೇರೆ. 'ಎಲ್ಲಪ್ಪಾ ನಿಮ್ಮ ಪ್ರವಾಹ?' ಅಂತ ಕೇಳಿದೆ. ಅವನು ತಿರುಗಿಯೂ ನೋಡಲಿಲ್ಲ. 'ಇನ್ನ ಅರ್ಧಾ ತಾಸ ತಡಿ' ಅಂದ.

ಕಲ್ಲೋಳದ ಹತ್ತಿರ ರಸ್ತೆ ಸುಮ್ನೆ ಇಳಿದು ನೀರಿನೊಳಗೆ ಹೋಗಿತ್ತು. ಕೃಷ್ಣೆ ದಾಟಿ ಯಡೂರಿಗೆ ಹೋಗುವ ಬ್ಯಾರೇಜ್ ಸೇತುವೆ ಪೂರ್ತಿ ಮುಳುಗಿತ್ತು. ಅಡ್ಡ ಒಂದು ಬ್ಯಾರಿಕೇಡ್, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡ ಒಬ್ಬ ಪೊಲೀಸ್, ಅವರ ಹಿಂದೆ ಶೇಂಗಾ ತಿನ್ನುತ್ತಾ ನಿಂತ ಹತ್ತಿಪ್ಪತ್ತು ಜನ. ಸದ್ದೇ ಇಲ್ಲ. ಹಾಲು ಹಾಕಿದ ಚಹಾದ ಬಣ್ಣದ ನೀರು, ಆ ದಡದ ಕಬ್ಬಿನವರೆಗೆ ಚಾಪೆ ಹಾಸಿದ ಹಾಗೆ. ಇದು ಓಡ್ತಾ ಇದೆ ಅಂತ ನನಗೆ ಗೊತ್ತಾಗಿದ್ದು ಒಂದು ಜಾಲಿಗಿಡ ಬೇರುಸಮೇತ ಕಣ್ಣೆದುರಿಗೆ ಸರ್ರನೆ ಹಾದು ಹೋದಾಗ. ತಲೆ ಮೇಲೆ ಸೂರ್ಯ ಸುಡ್ತಾ ಇದ್ದ.

ಗೆಳೆಯನ ಕಾಕಾನ ತೋಟದ ಮನೆ ಅಲ್ಲಿಂದ ಹೆಚ್ಚು ದೂರ ಇಲ್ಲ. ಅವರು ನನ್ನ ಅನುಮಾನ ಕೇಳಿ ನಕ್ಕರು. 'ತಮ್ಮಾ, ಹೊಳಿ ಬರಾಕ ನಮಗ ಮಳಿ ಬ್ಯಾಡೋ. ಅಲ್ಲಿ ಘಟ್ಟದ ಮ್ಯಾಲ ಹೊಡದ್ರ ಸಾಕು.' ಘಟ್ಟ ಅಂದ್ರೆ ಮಹಾರಾಷ್ಟ್ರದ ಮಹಾಬಳೇಶ್ವರದ ಸಾಲು. ಅಲ್ಲಿ ಬಿದ್ದ ಮಳೆ 105 ಟಿಎಂಸಿಯ (ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ ನೀರು) ಕೊಯ್ನಾ ಜಲಾಶಯ ತುಂಬುತ್ತೆ, ವಾರಣಾ ತುಂಬುತ್ತೆ. ಕೊಲ್ಹಾಪುರದ ಕಡೆಯಿಂದ ಪಂಚಗಂಗಾ ಬಂದು ನರಸೋಬವಾಡಿಯಲ್ಲಿ ಕೃಷ್ಣೆಗೆ ಸೇರುತ್ತೆ. ಅಷ್ಟೂ ನೀರು ರಾಜಾಪುರ ಬ್ಯಾರೇಜ್ ದಾಟಿ ನಮ್ಮ ಗಡಿಯೊಳಗೆ ಬರುತ್ತೆ. ಕಲ್ಲೋಳದಲ್ಲಿ ದೂಧಗಂಗಾ ಸೇರಿಕೊಳ್ಳುತ್ತೆ. ಅದರ ಹೊಟ್ಟೆಯೊಳಗೆ ವೇದಗಂಗಾ ಬೇರೆ ಇದೆ.

ಹಾಗಾಗಿ ಇಲ್ಲಿನವರಿಗೆ ಬೆಳಗಿನ ಮೊದಲ ಕೆಲಸ ಕೂಡುವ ಲೆಕ್ಕ. ರಾಜಾಪುರದಿಂದ ಎಷ್ಟು ಬಿಟ್ಟಿದ್ದಾರೆ, ದೂಧಗಂಗಾದಲ್ಲಿ ಎಷ್ಟು ಬರ್ತಿದೆ, ಎರಡನ್ನೂ ಕೂಡಿಸು. ಅದೇ ಕಲ್ಲೋಳದ ಅಂಕಿ. ಕಾಕಾ ಓದಿದ್ದು ನಾಲ್ಕನೇ ಇಯತ್ತೆ. ಆದರೆ ಮೊಬೈಲಿಗೆ ಬಂದ ಎರಡು ಸಂಖ್ಯೆ ನೋಡಿ, ಇವತ್ತು ಯಾರ ಹೊಲದ ಬದುವಿಗೆ ನೀರು ಮುಟ್ಟುತ್ತೆ ಅಂತ ಹೇಳಿಬಿಡ್ತಾರೆ. ನಾನೂ ಅಲ್ಲೇ ಕೂತು ಒಂದು ಲೆಕ್ಕ ಮಾಡಿದೆ. ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಒಂದು ಘನ ಅಡಿ. ಒಂದು ಲಕ್ಷ ಕ್ಯೂಸೆಕ್ ನೀರು ಒಂದು ದಿನ ಹರಿದರೆ 8.64 ಟಿಎಂಸಿ. ಅಂದ್ರೆ ಘಟಪ್ರಭೆಯ 51 ಟಿಎಂಸಿಯ ಹಿಡಕಲ್ ಜಲಾಶಯ ಖಾಲಿ ಇದ್ದರೂ ಆರು ದಿನದಲ್ಲಿ ತುಂಬಿಬಿಡುತ್ತೆ. 2019ರ ಆಗಸ್ಟ್‌ನಲ್ಲಿ ಆಲಮಟ್ಟಿಯಿಂದ ಬಿಟ್ಟಿದ್ದು 5 ಲಕ್ಷ ಕ್ಯೂಸೆಕ್‌ಗೂ ಜಾಸ್ತಿ. ಕಾಕಾಗೆ ಹೇಳಿದೆ. 'ಅದನ್ನ ನಾವು ಮಾಳಿಗಿ ಮ್ಯಾಲ ಕುಂತು ನೋಡೇವಿ' ಅಂದರು.

ಸಂಜೆ ಐದಕ್ಕೆ ಮೋಟಾರ್ ಎತ್ತುವ ಕೆಲಸ ಶುರುವಾಯಿತು. ನಾನು ಈ ಪ್ರವಾಸದಲ್ಲಿ ನೋಡಿದ ನಿಜವಾದ ಪ್ರವಾಹ ನಿರ್ವಹಣೆ ಅಂದ್ರೆ ಇದೇ. ದಡದ ಇಳಿಜಾರಿನಲ್ಲಿ ಅವರ ಪಂಪ್‌ಸೆಟ್ ಇದೆ. ನೀರು ಏರಿದ ಹಾಗೆ ಅದೂ ಏರಬೇಕು. ಮೊದಲು ಕರೆಂಟ್ ತೆಗೆದು ಸ್ಟಾರ್ಟರ್ ಡಬ್ಬಿ ಬಿಚ್ಚಿದರು. ಪೈಪಿನ ಜಾಯಿಂಟ್ ಸಡಿಲ ಮಾಡುವಾಗ ಸ್ಪ್ಯಾನರ್ ಜಾರಿ ಕಾಕಾನ ಗೆಣ್ಣು ಕಿತ್ತು ರಕ್ತ ಬಂತು. ಅವರು ಅದನ್ನು ಅದೇ ಹೊಳೆ ನೀರಲ್ಲಿ ತೊಳೆದುಕೊಂಡರು. ಮೋಟಾರ್‌ಗೆ ಹಗ್ಗ ಸುತ್ತಿ ಮೇಲಿನಿಂದ ನಾಲ್ಕು ಜನ ಎಳೆದರೆ, ಕೆಳಗಿನಿಂದ ಇಬ್ಬರು ಬಿದಿರು ಕೊಟ್ಟು ಮೀಟಿದರು. ಯರಿ ಮಣ್ಣು ಒದ್ದೆಯಾದರೆ ಬೆಣ್ಣೆ. ನಾನೂ ಹಗ್ಗ ಹಿಡಿದೆ, ಎರಡೇ ಹೆಜ್ಜೆಗೆ ಕುಂಡೆ ಮೇಲೆ ಬಿದ್ದೆ. 'ಸಾಹೇಬ್ರು ಲೆಕ್ಕಾ ಛಲೋ ಮಾಡ್ತಾರ' ಅಂತ ಯಾರೋ ಅಂದರು. ಒಂದು ಗಂಟೆ ಎಳೆದು ಮೂವತ್ತು ಅಡಿ ಮೇಲೆ ತಂದೆವು. ಆ ಮಳೆಗಾಲದಲ್ಲಿ ಅದು ಮೂರನೇ ಸಲವಂತೆ. ಕೊನೆಗೆ ಕಾಕಾ ನೀರಿನ ಅಂಚಿನಲ್ಲಿ ಒಂದು ಗೂಟ ಹೊಡೆದರು. ಬೆಳಿಗ್ಗೆ ಹೋಗಿ ನೋಡಿದರೆ ಗೂಟ ಕಾಣಲಿಲ್ಲ.

ಕಬ್ಬಿನ ವಿಷಯ ಕೇಳಿದೆ. ಸುಳಿ ನೀರಿನ ಮೇಲಿದ್ದರೆ ಕಬ್ಬು ಬದುಕುತ್ತೆ. ಸುಳಿಯೊಳಗೆ ರಾಡಿ ಹೊಕ್ಕರೆ ಮುಗೀತು, ಕೊಳೆಯುತ್ತೆ. ಅವರು 2019ರಲ್ಲಿ ನೀರು ಇಳಿದ ಮೇಲೆ ಹೊಲಕ್ಕೆ ಹೋಗಿ ಒಂದೊಂದೇ ಸುಳಿ ಸೀಳಿ ನೋಡಿದ್ದನ್ನು ಹೇಳಿದರು. ಹೇಳ್ತಾ ಕೈಯಲ್ಲಿದ್ದ ಕಬ್ಬಿನ ಗರಿಯನ್ನು ಹಾಗೇ ಸೀಳ್ತಾ ಇದ್ದರು.

ಊಟಕ್ಕೆ ಬಿಸಿ ರೊಟ್ಟಿ, ಝುಣಕ, ಮೊಸರು. ಬಡಿಸ್ತಾ ಇದ್ದ ಕಾಕಿಯನ್ನು ಕೇಳಿದೆ: 'ನೆರೆ ಬಂದಾಗ ಶಾಲೆಯಲ್ಲಿ ಕಾಳಜಿ ಕೇಂದ್ರ ತೆಗೀತಾರಲ್ವಾ, ಮುಂಚೆಯೇ ಹೋಗಿಬಿಡಬಾರದಾ?' ಅವರು ಎಮ್ಮೆ ಕಟ್ಟಿದ ಕಡೆ ಕೈ ತೋರಿಸಿದರು. 'ನಾವೇನ ಸಾಲ್ಯಾಗ ಮಕ್ಕೊಂತೇವಿ. ಇವು ಎಲ್ಲಿ ಮಕ್ಕೋಬೇಕು?'

ನನಗೆ ಅಲ್ಲಿವರೆಗೆ ಹೊಳೆದೇ ಇರಲಿಲ್ಲ. ಟಿವಿಯಲ್ಲಿ ನೋಡ್ತೀವಲ್ಲ, 'ಎಷ್ಟು ಹೇಳಿದರೂ ಜನ ಮನೆ ಬಿಟ್ಟು ಬರ್ತಿಲ್ಲ' ಅಂತ. ಅವರು ಹಟಮಾರಿಗಳಲ್ಲ. ಆರು ದನ, ಎರಡು ಕರು, ಒಂದು ಬಣವಿ ಕಣಿಕೆ ಇರುವವರು ಒಂದು ಬ್ಯಾಗ್ ಹಿಡಿದು ಶಾಲೆಗೆ ಹೋಗೋದು ಹೇಗೆ? ಈಗೀಗ ಕೆಲವು ಕಡೆ ದನಕ್ಕೂ ಮೇವಿನ ವ್ಯವಸ್ಥೆ ಮಾಡ್ತಾರೆ. ಆದರೆ ಕಾಕಿಗೆ ಅದರ ಮೇಲೆ ನಂಬಿಕೆ ಇಲ್ಲ. ಹಿಂದೊಮ್ಮೆ ಹೋದಾಗ ಮೇವು ಬಂದಿದ್ದು ಮೂರನೇ ದಿನವಂತೆ. ಅಷ್ಟರಲ್ಲಿ ಎಮ್ಮೆ ಹಾಲು ಬತ್ತಿಸಿಕೊಂಡಿತ್ತು. ಅವರ ಗೋಡೆ ಬಿದ್ದದ್ದಕ್ಕೆ ಸರ್ಕಾರದ ಪರಿಹಾರದಲ್ಲಿ 'ಸಿ' ಗ್ರೇಡು ಸಿಕ್ಕಿತು. 2019ರಲ್ಲಿ ಎ ಅಂದ್ರೆ ಪೂರ್ತಿ ಬಿದ್ದ ಮನೆ, 5 ಲಕ್ಷ ರೂಪಾಯಿ. ಸಿ ಅಂದ್ರೆ 50 ಸಾವಿರ. 'ನಮ್ಮ ಗ್ವಾಡಿಗೆ ಇನ್ನಷ್ಟ ಬೀಳಾಕ ಬರಲಿಲ್ಲ' ಅಂತ ಕಾಕಾ ನಗೋದು ನೋಡಿ ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ಮಾರನೇ ದಿನ ಸುತ್ತು ಹಾಕಿ ಜಮಖಂಡಿಗೆ ಬಂದೆವು. ದಾರಿ ಬಗ್ಗೆ ಹೇಳೋಕೆ ಏನಿಲ್ಲ, ಗುಂಡಿಗಳ ಹೊರತು. ಇಲ್ಲಿ ಕೃಷ್ಣೆ ಬೇರೆ ಥರ. ಇಲ್ಲಿಗೆ ಆಲಮಟ್ಟಿಯ ಹಿನ್ನೀರು ಬರುತ್ತೆ. ಮುತ್ತೂರಿನ ಕಡೆ ನಡುಗಡ್ಡೆಯ ಹೊಲಕ್ಕೆ ಬೋಟಿನಲ್ಲೇ ಹೋಗಿ ಬರ್ತಾರೆ. ಬೋಟಿನಲ್ಲಿ ದನ ತರೋದನ್ನೂ ನೋಡಿದೆ. ಒಂದು ಆಕಳು ಹತ್ತಲ್ಲ ಅಂತ ಕಾಲು ಊರಿ ನಿಂತಿತ್ತು. ಯಜಮಾನ ಬೈಯಲಿಲ್ಲ, ಅದರ ಕಿವಿಯ ಹತ್ತಿರ ಏನೋ ಹೇಳ್ತಾ ಇದ್ದ.

ಆಲಮಟ್ಟಿಯದು ಹಳೇ ಜಗಳ. ಈಗ 519.60 ಮೀಟರ್‌ವರೆಗೆ ನೀರು ನಿಲ್ಲಿಸ್ತಾರೆ. ಅದನ್ನು 524.256ಕ್ಕೆ ಏರಿಸಬೇಕು ಅಂತ ನಾವು, ಏರಿಸಿದರೆ ಸಾಂಗ್ಲಿ, ಕೊಲ್ಹಾಪುರ ಮುಳುಗುತ್ತೆ ಅಂತ ಮಹಾರಾಷ್ಟ್ರದವರು. 2019ರ ನಂತರ ಮಹಾರಾಷ್ಟ್ರವೇ ನೇಮಿಸಿದ ವಡ್ನೆರೆ ಸಮಿತಿ ಆ ನೆರೆಗೆ ಆಲಮಟ್ಟಿ ಕಾರಣ ಅಲ್ಲ ಅಂದಿತ್ತು. ಜಗಳವೇನೂ ನಿಂತಿಲ್ಲ.

ಚಿಕ್ಕಪಡಸಲಗಿಯ ಬ್ಯಾರೇಜ್ ನೋಡಬೇಕು ಅಂತ ನಾನು ಹಟ ಮಾಡಿದೆ. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ದುಡ್ಡು ಹಾಕಿ, ಮೈ ಬಗ್ಗಿಸಿ ದುಡಿದು 1989ರಲ್ಲಿ ಕಟ್ಟಿಕೊಂಡ ಶ್ರಮಬಿಂದು ಸಾಗರ ಅದು. ಕಟ್ಟಿದ್ದು ಬೇಸಿಗೆಯಲ್ಲಿ ಹೊಳೆ ಬತ್ತುತ್ತೆ ಅಂತ! ಏಪ್ರಿಲ್‌ನಲ್ಲಿ ಇದೇ ಜನ ಕೊಯ್ನಾದಿಂದ ನೀರು ಬಿಡಿ ಅಂತ ಕೇಳ್ತಾರೆ, ಜುಲೈನಲ್ಲಿ ಸ್ವಲ್ಪ ತಡೆದು ಬಿಡಿ ಅಂತ ಕೇಳ್ತಾರೆ. ಎರಡೂ ಸಲ ಗೇಟಿನ ಕೀಲಿ ಬೇರೆಯವರ ಕೈಯಲ್ಲಿ.

ವಾಪಸ್ ಬರುವಾಗ ಪಟ್ಟದಕಲ್ಲು, ರಾಮದುರ್ಗದ ದಾರಿ ಹಿಡಿದೆವು. ಇದು ಮಲಪ್ರಭೆಯ ಸೀಮೆ. 2019ರಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟ ನೀರು ಪಟ್ಟದಕಲ್ಲಿನ ಗುಡಿಗಳವರೆಗೂ ಬಂದಿತ್ತು. ರಸ್ತೆ ಪಕ್ಕ ಎತ್ತರದಲ್ಲಿ ಒಂದು ಆಸರೆ ಕಾಲೊನಿ ಕಾಣಿಸಿತು. 2009ರ ನೆರೆ ನಂತರ ಕಟ್ಟಿದ ಮನೆಗಳು. ಕೆಲವು ಮನೆಗಳಲ್ಲಿ ಜನ ಇದ್ದರು. ಕೆಲವಕ್ಕೆ ಬೀಗ, ಒಂದರ ಅಡುಗೆಮನೆಯಿಂದ ಜಾಲಿ ಹೊರಗೆ ಇಣುಕುತ್ತಿತ್ತು. ಕಟ್ಟೆ ಮೇಲೆ ಕೂತಿದ್ದ ಮುತ್ಯಾನನ್ನು ಮಾತಾಡಿಸಿದೆ. 'ಮನಿ ಛಲೋ ಅದಾವ್ರಿ. ಆದ್ರ ದನಾ ಕಟ್ಟಾಕ ಜಾಗಾ ಎಲ್ಲೈತಿ ತೋರಸ್ರಿ' ಅಂದರು. ಅವರ ಮಗ ಇನ್ನೂ ಹಳೇ ಊರಲ್ಲೇ ಇದ್ದಾನಂತೆ, ದನದ ಜೊತೆ. ಕಾಕಿಯ ಎಮ್ಮೆ ನೆನಪಾಯಿತು. ಮನೆಯ ನಕ್ಷೆ ಬರೆದವರು ಒಂದು ಸಲ ಕೊಟ್ಟಿಗೆಯಲ್ಲಿ ಮಲಗಿ ಎದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಬೆಳಗಾವಿಗೆ ಬಂದು ಹತ್ತು ದಿನ ನಾನೂ ದಿನಾ ಎರಡು ಅಂಕಿ ಕೂಡಿಸ್ತಾ ಇದ್ದೆ. ಇಳೀತಾ ಬಂತು ಅಂತ ಗೊತ್ತಾದ ದಿನ ಕಾಕಾಗೆ ಫೋನ್ ಮಾಡಿದೆ.

'ಗೂಟ ಕಾಣ್ತಾ ಕಾಕಾ?'

'ಕಂಡೈತಿ. ನಿನ್ನೆ ಮೋಟಾರ್ ಇಳಿಸಿದ್ವಿ.' ಹಿಂದೆ ಎಮ್ಮೆ ಕೂಗಿದ್ದು ಕೇಳಿಸಿತು. 'ಹಗ್ಗಾ ಬಿಚ್ಚಿಲ್ಲ, ಹಂಗ ಬಿಟ್ಟೇವಿ. ಇನ್ನ ಆಗಸ್ಟ್ ಐತಲ್ಲ.'