ಮಾಗಡಿ ಕೆರೆಯ ಏರಿಯ ಮೇಲೆ ಹೆಬ್ಬಾತುಗಳ ಲೆಕ್ಕ

ಗದಗದಿಂದ ಸುಮಾರು 26 ಕಿ.ಮೀ. ದೂರದಲ್ಲಿರುವ, ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ಏರಿಯನ್ನು ನಾವು ನಾಲ್ವರು ಹತ್ತಿದಾಗ ಪೂರ್ವದಲ್ಲಿ ಇನ್ನೂ ಬೆಳಕು ಮೂಡಿರಲಿಲ್ಲ. ಪ್ರತಿ ಜನವರಿಯಲ್ಲಿ ನಡೆಯುವ ಏಷ್ಯಾದ ನೀರುಹಕ್ಕಿಗಳ ಗಣತಿಗೆ ಸ್ವಯಂಸೇವಕರಾಗಿ ಹೊರಟವರು ನಾವು. ಮಾಗಡಿ ಎಂದರೆ ಪಟ್ಟೆತಲೆ ಹೆಬ್ಬಾತು ಎಂಬ ಮಾತನ್ನು ಕೇಳಿಕೊಂಡೇ ಬಂದಿದ್ದ ನನಗೆ, ಮೊದಲ ಬೆಳಕಿನಲ್ಲಿ ದುರ್ಬೀನು ಎತ್ತಿ ಹಿಡಿದಾಗ ಕಂಡದ್ದು ನಾಮದಕೋಳಿಗಳು, ನೀರಿನಲ್ಲಿ ಮುಳುಗಿ ಏಳುವ ನಾಲ್ಕಾರು ಗುಳುಮುಳಕ ಹಕ್ಕಿಗಳು ಮತ್ತು ಉಳಿದಂತೆ ಬರಿ ನೀರು. ಪೆಚ್ಚಾದ ನನ್ನನ್ನು ನೋಡಿ ಜೊತೆಗಿದ್ದ ಹಿರಿಯರೊಬ್ಬರು ನಕ್ಕರು. ಹೆಬ್ಬಾತುಗಳು ಹಗಲನ್ನು ಕೆರೆಯಲ್ಲಿ ಕಳೆದು, ಕತ್ತಲಾಗುತ್ತಲೇ ಸುತ್ತಲಿನ ಹೊಲಗಳಿಗೆ ಮೇಯಲು ಹೋಗಿ, ಬೆಳಗಾದ ಮೇಲೆ ಮರಳುತ್ತವೆ. ಆದ್ದರಿಂದ ಇಲ್ಲಿ ತೀರಾ ಬೇಗ ಎಣಿಸಿ ಎದ್ದು ಹೋದವರ ಪಟ್ಟಿಯಲ್ಲಿ ಈ ಕೆರೆಯ ಮುಖ್ಯ ಹಕ್ಕಿಯೇ ಇರುವುದಿಲ್ಲ.

ಮಳೆನೀರನ್ನು ಹಿಡಿದು ಹೊಲಗಳಿಗೆ ಹಾಯಿಸಲೆಂದು ಕಟ್ಟಿದ ಕೆರೆ ಇದು. ವಿಸ್ತೀರ್ಣ ಸುಮಾರು 134 ಎಕರೆ. 2024ರ ಜನವರಿ ಕೊನೆಯಲ್ಲಿ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯೊಂದಿಗೆ ಇದೂ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದಾಗ, ಚಳಿಗಾಲದಲ್ಲಿ ಇಲ್ಲಿಗೆ ಸುಮಾರು 8,000 ಹೆಬ್ಬಾತುಗಳು ಬರುತ್ತವೆ ಎಂದು ಸರ್ಕಾರದ ಪ್ರಕಟಣೆ ಹೇಳಿತ್ತು. ಅಷ್ಟು ದುಂಡಗಿನ ಸಂಖ್ಯೆ ಹೇಗೆ ಹುಟ್ಟುತ್ತದೆ ಎಂಬ ಕುತೂಹಲವೇ, ನಿಜ ಹೇಳಬೇಕೆಂದರೆ, ನನ್ನನ್ನು ಅಷ್ಟು ದೂರ ಎಳೆದುಕೊಂಡು ಬಂದಿತ್ತು.

ಬಿಸಿಲು ಏರಿಯ ಮೇಲೆ ಬಿದ್ದು ಸ್ವಲ್ಪ ಹೊತ್ತಾಗಿತ್ತು. ಮೊದಲು ಬಂದದ್ದು ಸದ್ದು. ಮೂಗಿನಿಂದ ಹೊರಟಂತೆ ಒಡೆದ ದನಿಯ 'ಆಂಗ್ ಆಂಗ್' ಕೂಗು ದಕ್ಷಿಣದ ಕಡೆಯಿಂದ ತೇಲಿ ಬಂತು. ಆಮೇಲೆ ಸಾಲು ಸಾಲಾಗಿ, ಬಾಣದ ಮೊನೆಯಂತೆ ಹೆಬ್ಬಾತುಗಳು ಕಾಣಿಸಿಕೊಂಡವು. ಕೆರೆಯ ಮೇಲೆ ಬರುತ್ತಿದ್ದಂತೆಯೇ ಸಾಲು ಮುರಿದು, ಒಂದೊಂದೂ ಎಡಕ್ಕೂ ಬಲಕ್ಕೂ ವಾಲಿ, ಕಿತ್ತಳೆ ಕಾಲುಗಳನ್ನು ಮುಂದೆ ಚಾಚಿ ನೀರನ್ನು ಸೀಳುತ್ತ ಇಳಿದವು. ಮಂಗೋಲಿಯಾ, ಟಿಬೆಟ್, ಲಡಾಖ್‌ಗಳ ಎತ್ತರದ ಸರೋವರಗಳ ಬಳಿ ಮರಿ ಮಾಡಿ, ಹಿಮಾಲಯವನ್ನು ದಾಟಿ ಬರುವ ಹಕ್ಕಿಗಳಿವು. ಬೆನ್ನಿಗೆ ಟ್ರಾನ್ಸ್‌ಮೀಟರ್ ಕಟ್ಟಿ ನಡೆಸಿದ ಅಧ್ಯಯನದಲ್ಲಿ ಒಂದು ಹಕ್ಕಿ 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ವಿರಳವಾದ ಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುವ ಗುಣ ಅವುಗಳ ರಕ್ತದ ಹಿಮೋಗ್ಲೋಬಿನ್‌ಗೆ ಇದೆ.

ಇಳಿಯುತ್ತಿರುವಾಗ ಎಣಿಸಲು ಹೊರಟದ್ದು ನನ್ನ ಮೊದಲ ತಪ್ಪು. ಒಂದು ಸಾಲನ್ನು ಮುಗಿಸುವಷ್ಟರಲ್ಲಿ ಮತ್ತೆರಡು ಸಾಲುಗಳು ಅದರೊಳಗೆ ಬೆರೆತವು. ಹಿರಿಯರು ಹೇಳಿಕೊಟ್ಟ ಕ್ರಮ ಸರಳ: ಎಲ್ಲವೂ ಇಳಿದು ಮೈ ಕೊಡವಿ ನಿಶ್ಚಲವಾಗುವವರೆಗೆ ಕಾಯಬೇಕು, ಗುಂಪಿನ ಒಂದು ಅಂಚಿನಲ್ಲಿ ಹತ್ತು ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯುತ್ತದೆಂದು ಕಣ್ಣಿಗೆ ಅಭ್ಯಾಸ ಮಾಡಿಸಿಕೊಂಡು, ಅದೇ ಅಳತೆಯನ್ನು ಗುಂಪಿನ ಉದ್ದಕ್ಕೂ ಸರಿಸುತ್ತ ಹೋಗಬೇಕು. ಆದರೆ ಗುಂಪಿನ ನಡುವೆ ಹಕ್ಕಿಗಳು ಒತ್ತೊತ್ತಾಗಿರುತ್ತವೆ, ಅಂಚಿನಲ್ಲಿ ಚದುರಿರುತ್ತವೆ. ಅಂಚಿನ ಅಳತೆಯನ್ನೇ ನಡುವಿಗೂ ಹಾಕಿದ ನಾನು ಮಧ್ಯಮ ಗಾತ್ರದ ಒಂದು ಗುಂಪನ್ನು ಎಣಿಸಿ ಮುಗಿಸಿದೆ. ಅದೇ ಗುಂಪಿನ ಫೋಟೊ ತೆಗೆದಿದ್ದ ಗೆಳೆಯನೊಬ್ಬ ಪರದೆಯ ಮೇಲೆ ಒಂದೊಂದೇ ತಲೆಗೆ ಚುಕ್ಕೆ ಇಡುತ್ತ ಎಣಿಸಿದಾಗ, ನನ್ನ ಅಂದಾಜು ಕಾಲುಭಾಗದಷ್ಟು ಕಡಿಮೆಯಾಗಿತ್ತು. ದೊಡ್ಡ ಗುಂಪುಗಳನ್ನು ಕಡಿಮೆ ಎಣಿಸುವುದು ಹೊಸಬರ ಸಾಮಾನ್ಯ ದೋಷವಂತೆ. ಸಮಾಧಾನವೇನೂ ಆಗಲಿಲ್ಲ.

ಎರಡನೆಯ ಸುತ್ತಿನಲ್ಲಿ ಟೆಲಿಸ್ಕೋಪಿನಲ್ಲಿ ಒಂದೇ ಹಕ್ಕಿಯನ್ನು ಬಹಳ ಹೊತ್ತು ನೋಡಿದೆ, ಗಣತಿಗೆ ಅದರಿಂದ ಏನೂ ಪ್ರಯೋಜನವಿಲ್ಲದಿದ್ದರೂ. ಬಿಳಿ ತಲೆಯ ಹಿಂಭಾಗದಲ್ಲಿ ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿಗೆ ಎಳೆದಂತೆ ಒಂದು ಕಪ್ಪು ಪಟ್ಟೆ, ಅದರ ಕೆಳಗೆ ಚಿಕ್ಕದಾದ ಇನ್ನೊಂದು. ಕಡುಬಣ್ಣದ ಕೊರಳಿನ ಪಕ್ಕದಲ್ಲಿ ಸುಣ್ಣದ ಗೀಟಿನಂಥ ಬಿಳಿ ಗೆರೆ. ಪಕ್ಕದಲ್ಲಿದ್ದ ಹಕ್ಕಿಗೆ ಪಟ್ಟೆಗಳೇ ಇರಲಿಲ್ಲ. ಅದು ಆ ವರ್ಷದ ಮರಿ. ಮರಿಗಳ ಪ್ರಮಾಣವನ್ನು ಬೇರೆಯಾಗಿ ಬರೆದುಕೊಂಡರೆ ಉತ್ತರದಲ್ಲಿ ಸಂತಾನ ಹೇಗಾಯಿತೆಂಬ ಸುಳಿವು ಇಲ್ಲಿಯೇ ಸಿಗುತ್ತದೆ. ಮಂಗೋಲಿಯಾದಲ್ಲಿ ಕೆಲವು ಹಕ್ಕಿಗಳ ಕೊರಳಿಗೆ ಸಂಕೇತ ಬರೆದ ಪಟ್ಟಿ ತೊಡಿಸುತ್ತಾರೆ. ಅದಕ್ಕಾಗಿ ಕೊರಳುಗಳನ್ನೆಲ್ಲ ಹುಡುಕಿದೆವು, ನಮಗೆ ಒಂದೂ ಸಿಗಲಿಲ್ಲ.

ಉಳಿದ ಹಕ್ಕಿಗಳ ಲೆಕ್ಕ ಬೇಗ ಮುಗಿಯಿತು. ಸೂಜಿಬಾಲದ ಬಾತು, ಚಲುಕದ ಬಾತು, ಬಣ್ಣದ ಕೊಕ್ಕರೆ, ಬಿಳಿ ಕೆಂಬರಲು ಎಲ್ಲವೂ ಪಟ್ಟಿ ಸೇರಿದವು. ಕೆರೆ ತುಂಬಿ ನೀರು ಏರಿಯ ಬುಡಕ್ಕೇ ಬಂದಿದ್ದರಿಂದ ಕೆಸರಿನ ಅಂಚು ಮುಳುಗಿತ್ತು. ಕೆಸರಿನಲ್ಲಿ ಮೇಯುವ ಉಲ್ಲಂಕಿ ಹಕ್ಕಿಗಳಿಗೆ ಕಾಲೂರಲು ಜಾಗವಿರಲಿಲ್ಲ. ಅವು ಕಾಣದ್ದನ್ನು ಅವುಗಳ ಸಂಖ್ಯೆಯ ಇಳಿಮುಖವೆಂದೇ ಓದಿಕೊಂಡರೆ ತಪ್ಪಾಗುತ್ತದೆ. ಹೀಗಾಗಿಯೇ ನೀರಿನ ಮಟ್ಟವನ್ನೂ ಎಣಿಕೆಯ ಸಮಯವನ್ನೂ ಸಂಖ್ಯೆಗಳಷ್ಟೇ ಎಚ್ಚರದಿಂದ ಬರೆಯಬೇಕೆಂದು ಹಿರಿಯರು ಪಟ್ಟು ಹಿಡಿದರು. ಭಾರತದಲ್ಲಿ ಈ ಗಣತಿ 1987ರಿಂದ ನಡೆಯುತ್ತಿದೆ. ಒಂದು ವರ್ಷದ ಸಂಖ್ಯೆ ತಾನಾಗಿ ಏನನ್ನೂ ಹೇಳುವುದಿಲ್ಲ, ಅದೇ ಜಾಗದಲ್ಲಿ ನಿಂತು ಅದೇ ರೀತಿ ಎಣಿಸಿದ ಹಿಂದಿನ ವರ್ಷಗಳ ಪಕ್ಕದಲ್ಲಿ ಇಟ್ಟಾಗಲೇ ಅದಕ್ಕೆ ಬಾಯಿ ಬರುತ್ತದೆ.

ಏರಿ ಇಳಿಯುವಾಗ ಹೆಬ್ಬಾತಿನ ಹಿಕ್ಕೆಗಳನ್ನು ಕಡ್ಡಿಯಿಂದ ಬಿಡಿಸಿ ನೋಡಿದೆ. ಒಳಗೆ ಹಸಿರು ನಾರು, ಎಳೆಯ ಎಲೆಯ ಚೂರು. ಆಚೆಯ ಎರೆಹೊಲಗಳಲ್ಲಿ ಕಡಲೆ ನಿಂತಿತ್ತು. ಹೆಬ್ಬಾತುಗಳು ರಾತ್ರಿ ಮೇಯುವುದು ಯಾರದೋ ದುಡಿಮೆಯನ್ನೇ ಎಂಬುದು ಗಣತಿಯ ಹಾಳೆಯ ಯಾವ ಕಾಲಮಿನಲ್ಲೂ ಇಲ್ಲ. ನಮ್ಮ ಹಾಳೆಯಲ್ಲಿ ಹೆಬ್ಬಾತಿನ ಮುಂದೆ ಮೂರು ಜನರ ಮೂರು ಅಂದಾಜುಗಳಿದ್ದವು. ಫೋಟೊಗಳೊಂದಿಗೆ ಹೋಲಿಸಿ ಒಂದನ್ನು ಉಳಿಸುವುದು ಸಂಯೋಜಕರ ಕೆಲಸ. ನಡುನೀರಿನಲ್ಲಿ ಬಿಸಿಲಿಗೆ ಎದುರಾಗಿ ಕರಿಚುಕ್ಕೆಗಳಂತೆ ತೇಲುತ್ತಿದ್ದ ಒಂದು ಗುಂಪು ಮಾತ್ರ, ಎಷ್ಟು ಹೊತ್ತು ಕಾದರೂ ತಿರುಗದೆ, 'ಗುರುತಿಸಲಾಗದ ಬಾತು' ಎಂಬ ಸಾಲಿನಲ್ಲೇ ಉಳಿಯಿತು.